ಬಲಗಡೆಯ ಪುಟದ ಕೆಂಪು

೧೪ ಮಾರ್ಚ್ ೧೯೫೮

ನನ್ನ ಮುದ್ದು ಮಗಳೇ,

ನಿನ್ನ ಎರಡೂ ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಉತ್ತರ ತಡವಾಯಿತು, ಎಷ್ಟು ಬೇಕೋ ಅಷ್ಟು ಬೈದುಕೋ. ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಈಗ ಬೆಳಕು, ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಡಾಕ್ಟರು ಕೈಚೆಲ್ಲಿದ್ದಾರೆ. ಆದರೂ ನಾನು ಯಾವ ಬಣ್ಣದ ಬಟ್ಟೆ ಹಾಕಿದ್ದೇನೆಂದು ಕೇಳಿ, ಅದಕ್ಕೆ ಇದು ಒಪ್ಪುವುದಿಲ್ಲ ಎಂದು ರೇಗುವುದು ಮಾತ್ರ ನಿಂತಿಲ್ಲ.

ಈಗ ಸುದ್ದಿ ಕೇಳು. ಪ್ರಪಂಚದ ಒಳ್ಳೊಳ್ಳೆಯ ಪೋಸ್ಟರು, ಪುಸ್ತಕದ ಮುಖಪುಟಗಳನ್ನೆಲ್ಲ ಹುಡುಕಿ ಅಚ್ಚುಹಾಕುವ ಪತ್ರಿಕೆ ಇದೆಯಲ್ಲ, ನಿಮ್ಮಪ್ಪ ಕೆಲಸ ಮಾಡುತ್ತಿದ್ದ ಸ್ಟುಡಿಯೊದಲ್ಲಿ ಸೋಪು ಹಚ್ಚಿ ಕೈ ತೊಳೆಯದೆ ಯಾರೂ ಮುಟ್ಟುವ ಹಾಗಿಲ್ಲದ್ದು? ಅದರಲ್ಲಿ ನಿಮ್ಮಪ್ಪನ ಪೋಸ್ಟರು ಬಂದಿದೆ! ಅದೇ, ರೈಲು ಹಳಿ ದಾಟುವ ಮುಂಚೆ ನಿಲ್ಲಿ ಎನ್ನುವುದು. ಹಾಳೆ ತುಂಬ ಒಂದೇ ಒಂದು ಕೆಂಪು ವೃತ್ತ, ಕೆಳಗೆ ಕಪ್ಪು ಗೆರೆ, ಗೆರೆಯ ಮೇಲೆ ಮಗುವಿನ ಒಂಟಿ ಬೂಟು. ಆ ಕೆಂಪು ಕಲಸಲು ಹೋಗಿ ನನ್ನ ಪಾತ್ರೆಗಳನ್ನೆಲ್ಲ ಹಾಳುಮಾಡಿದ್ದು, ನಾವಿಬ್ಬರೂ ಮಾತು ಬಿಟ್ಟದ್ದು ನಿನಗೆ ನೆನಪಿರಬೇಕು. ಕಣ್ಣಿದ್ದಾಗ ಮಾಡಿದ ಕೊನೆಯ ಕೆಲಸ ಅದು. "ಆ ಪತ್ರಿಕೆಯಲ್ಲಿ ಒಂದ್ಸಲ ಬಂದ್ಬಿಟ್ರೆ ಸಾಕು" ಅನ್ನುತ್ತಲೇ ಅವರ ಅರ್ಧ ಆಯಸ್ಸು ಕಳೆದಿತ್ತು.

ಸ್ಟುಡಿಯೊ ಯಜಮಾನರೇ ತಂದು ಕೊಟ್ಟು ಹೋದರು. ನಾನೂ ಕೈ ತೊಳೆದು ತೆರೆದೆ. ಏನು ಹೇಳಲಿ! ಒಂದು ಪುಟದಲ್ಲಿ ಒಂದೇ ಅಕ್ಷರ, ಮಿಕ್ಕದ್ದೆಲ್ಲ ಖಾಲಿ. ಆ ಖಾಲಿಯನ್ನು ನೋಡುತ್ತ ನಿಂತೆ, ಒಲೆಯ ಮೇಲಿದ್ದದ್ದು ಸೀದುಹೋಯಿತು. ಇನ್ನೊಂದರಲ್ಲಿ ಎರಡೇ ಗೆರೆ ಎಳೆದು ಹಕ್ಕಿ ಮಾಡಿದ್ದಾರೆ; ಹಾರಿಹೋದೀತೆಂದು ಕೈ ಹಿಂದೆಗೆದೆ. ಇವರು ಇಷ್ಟು ವರ್ಷ ಮೈಕೈಗೆಲ್ಲ ಬಣ್ಣ ಬಳಿದುಕೊಂಡು ಏನನ್ನು ಹುಡುಕುತ್ತಿದ್ದರು ಎಂಬುದು ನನಗೆ ತಿಳಿದದ್ದು ಆಗಲೇ. ಮೈ ಜುಮ್ಮೆಂದಿತು.

ಪತ್ರಿಕೆಯನ್ನು ಅವರ ತೊಡೆಯ ಮೇಲಿಟ್ಟೆ.

"ಎಡಗಡೆನಾ, ಬಲಗಡೆನಾ?"

"ಬಲಗಡೆ."

"ಹಾಗಾದ್ರೆ ಪುಟ ತಿರುಗಿಸಿದ ತಕ್ಷಣ ಕಣ್ಣಿಗೆ ಬೀಳುತ್ತೆ. ಸುತ್ತ ಜಾಗ ಬಿಟ್ಟಿದಾರಾ?"

"ಧಾರಾಳವಾಗಿ ಬಿಟ್ಟಿದಾರೆ ರೀ. ರಾಜನ ಥರ ಕೂತಿದೆ."

ಮುಖವನ್ನು ನನ್ನ ಕಡೆ ತಿರುಗಿಸಿ ಕೇಳಿದರು, "ಕೆಂಪು ಹೇಗೆ ಬಂದಿದೆ?"

"ನೀವು ಕಲಸಿದ ಹಾಗೇ ಬಂದಿದೆ. ಓಡೋರನ್ನೂ ಕೂಗಿ ನಿಲ್ಲಿಸೋ ಹಾಗಿದೆ."

ಅವರ ಮುಖ ನೀನು ನೋಡಬೇಕಿತ್ತು ಕಣೇ. ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ ಎಂದು ಹೇಳಿ ಬೈಸಿಕೊಂಡೆ.

ಅಳಿಯಂದಿರ ಕೆಮ್ಮು ಈಗ ಹೇಗಿದೆ, ಬರೆ. ನೀವಿಬ್ಬರೂ ನಗುನಗುತ್ತ ಬಾಳಿ, ನಿನ್ನ ಮನೆಯಲ್ಲಿ ಯಾವುದಕ್ಕೂ ಕೊರತೆ ಬಾರದಿರಲಿ.

ಸದಾ ನಿನ್ನದೇ ಯೋಚನೆಯಲ್ಲಿರುವ,
ಅಮ್ಮ

ಮತ್ತೆ: ಇಲ್ಲಿಗೆ ಬಂದಾಗ ಆ ಪುಟ ನೋಡಿ ಬಾಯಿತಪ್ಪಿ ಏನೂ ಅಂದುಬಿಡಬೇಡ. ಅದು ಕಪ್ಪು-ಬಿಳುಪು. ಬಣ್ಣದ ಪುಟಗಳು ಬೇರೆಯವರ ಪಾಲಾಗಿವೆ. ಅಪ್ಪನ ಕೆಂಪು ಬೂದಿಯ ಹಾಗೆ ಬಿದ್ದಿದೆ. ನನಗೆ ಸಂಕಟ ತಡೆಯಲಾಗುತ್ತಿಲ್ಲ.

ಲಕೋಟೆ ಅಂಟಿಸುವಷ್ಟರಲ್ಲಿ ಅವರು ಕರೆದರು. ಪುಟದ ಮೇಲೆ ಬೆರಳಾಡಿಸುತ್ತ ಕೂತಿದ್ದರು. "ಲೇ, ಬಣ್ಣದ ಪುಟಕ್ಕೆ ನುಣುಪು ಕಾಗದ ಹಾಕ್ತಾರೆ. ಇದು ದೊರಗು," ಅಂದರು. "ಇರ್ಲಿ ಬಿಡು. ಕೆಂಪು ಹೇಗೆ ಬಂದಿದೆ ಅಂದೆ? ಇನ್ನೊಂದ್ಸಲ ಹೇಳು."

ಹೇಳಿದೆ.