ಐದು ನಿಮಿಷದ ಷರಾ

ಜೂನ್ 4, ಬೆಳಿಗ್ಗೆ 7.40

ಕವಾಯತು ಮುಗಿಯಿತು. ಎರಡನೇ ಗಾಡಿಯ ಪಂಪು ಇವತ್ತೂ ಕೆಮ್ಮುತ್ತಿದೆ. ತೊಳೆದ ಹೋಸ್‌ಗಳನ್ನು ಒಣಹಾಕಿಸಿದೆ. ಒಬ್ಬನ ಬೂಟಿಗೆ ಲೇಸಿಲ್ಲ. ಕೇಳಿದರೆ ‘ತೊಳೆಯೋಕೆ ಹಾಕಿದೀನಿ ಮೇಡಂ’ ಅನ್ನುತ್ತಾನೆ. ಅಗ್ನಿಶಾಮಕದ ಇಪ್ಪತ್ತಮೂರು ವರ್ಷದ ಸರ್ವಿಸಿನಲ್ಲಿ ಲೇಸು ಒಗೆಯುವವನನ್ನು ನೋಡಿದ್ದು ಇದೇ ಮೊದಲು.

ಮಧ್ಯಾಹ್ನ 3

ವಿಭಾಗ ಕಚೇರಿಯಿಂದ ಲಕೋಟೆ. ಮೇಲೆ ಕೆಂಪಕ್ಷರದಲ್ಲಿ ‘ಗೌಪ್ಯ’. ತಂದುಕೊಟ್ಟ ಗುಮಾಸ್ತ ನನ್ನ ಕಣ್ಣು ತಪ್ಪಿಸಿದ. ಊರಿಗೆಲ್ಲ ಗೊತ್ತಾದ ಮೇಲೆ ನನಗೆ ತಲುಪಿದ ಗೌಪ್ಯ.

ನನ್ನ ವಾರ್ಷಿಕ ವರದಿ. ಪ್ರತಿಕೂಲ ಷರಾ — ‘ಅಧಿಕಾರಿಯು ಪ್ರಾಮಾಣಿಕರು, ಚಿಂತನಶೀಲರು. ಆದರೆ ತುರ್ತು ಕರೆಗಳಿಗೆ ಇವರ ಠಾಣೆ ವರ್ಷವಿಡೀ ವಿಳಂಬವಾಗಿ ತಲುಪಿದೆ. ನಾಯಕತ್ವದಲ್ಲಿ ಚುರುಕು ಸಾಲದು. ಬಡ್ತಿಗೆ ಸದ್ಯ ಅರ್ಹರಲ್ಲ.’

ಎಂ.ಎ. ಓದುವಾಗ ನಾಲ್ಕು ಸಾಲಿನ ಪದ್ಯಕ್ಕೆ ನಾಲ್ಕು ಪುಟ ವ್ಯಾಖ್ಯಾನ ಬರೆಯುತ್ತಿದ್ದೆ. ಇದಕ್ಕೆ ಎಷ್ಟು ಬರೆಯಲಿ? ‘ಚಿಂತನಶೀಲರು’ — ಹೊಗಳಿಕೆಯ ವೇಷ ಹಾಕಿಕೊಂಡು ಬಂದ ಬೈಗುಳ. ನನ್ನ ಮೇಜಿನ ಡ್ರಾಯರಿನಲ್ಲಿ ಕವನ ಸಂಕಲನ ನೋಡಿದ್ದಾರೆ. ಅಷ್ಟೇ.

ವಿಳಂಬ? ನಾನು? ಊಟದ ತಟ್ಟೆಯಲ್ಲಿ ಕೈ ಇಟ್ಟಲ್ಲೇ ಎದ್ದು ಓಡಿದವಳು.

ಮನವಿ ಸಲ್ಲಿಸಲು ಮೂವತ್ತು ದಿನ. ಜುಲೈ ನಾಲ್ಕಕ್ಕೆ ಮುಗಿಯುತ್ತದೆ.

ಜೂನ್ 5

ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಮನೇಲಿ ನೀನು ದಿನಾ ನನ್ನ ಮೇಲೆ ಷರಾ ಬರೀತೀಯಲ್ಲ, ನಾನು ಯಾರಿಗೆ ಮನವಿ ಕೊಡ್ಲಿ?’ ಅಂದರು. ನಗು ಬರಲಿಲ್ಲ. ಅವರಿಗೂ ಗೊತ್ತಾಯಿತು. ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಐವತ್ತು ತುಂಬಿದವರ ಹೆಸರನ್ನು ವಿಭಾಗಾಧಿಕಾರಿ ಹುದ್ದೆಗೆ ಪರಿಗಣಿಸುವುದಿಲ್ಲ. ನನಗೆ ನಲವತ್ತೊಂಬತ್ತು. ಸಮಿತಿ ಕೂರುವುದು ಆಗಸ್ಟ್ ಎಂಟಕ್ಕೆ. ಈ ಸಲ ಇಲ್ಲವೆಂದರೆ ಇನ್ನಿಲ್ಲ.

ಪಟ್ಟಿಯಲ್ಲಿ ನನ್ನ ಹಿಂದೆ ಇರುವವನು ಹುರಿಯಾಳು. ಪಕ್ಕದ ಠಾಣೆಯ ಅಧಿಕಾರಿ. ಸೇರಿದ ಹೊಸದರಲ್ಲಿ ಎಲ್ಲದಕ್ಕೂ ‘ನಾನ್ ರೆಡಿ’ ಅನ್ನುತ್ತಿದ್ದ, ಅದಕ್ಕೆ ಆ ಹೆಸರು. ನೀರಿನ ಒತ್ತಡ ತಡೆಯಲಾರದೆ ಹೋಸ್ ಸಮೇತ ಕೆಸರಿಗೆ ಬಿದ್ದವನನ್ನು ಕಾಲರ್ ಹಿಡಿದು ಎಬ್ಬಿಸಿದ್ದು ನಾನು. ಒಳ್ಳೆಯ ಹುಡುಗ. ಇವತ್ತು ಅದೂ ಸಿಟ್ಟು ಬರಿಸುತ್ತಿದೆ.

ಜೂನ್ 9

ಮನವಿ ಒಂಬತ್ತು ಪುಟ ಆಯಿತು. ಮಗಳು ಓದಿದಳು.

‘ಅಮ್ಮಾ, ಇದು ಮನವಿನಾ, ಜಗಳಾನಾ?’

‘ಯಾಕೆ?’

‘ಮೂರನೇ ಪುಟದಲ್ಲಿ ಅವರಿಗೆ ಮನಸ್ಸಾಕ್ಷಿ ಇದೆಯಾ ಅಂತ ಕೇಳಿದೀಯ. ಆರನೇ ಪುಟದಲ್ಲಿ ಇಲ್ಲ ಅಂತ ನೀನೇ ಉತ್ತರ ಬರೆದಿದೀಯ.’

ಆರನೇ ಪುಟ ತೆಗೆದೆ. ಮೂರನೆಯದನ್ನು ಇಟ್ಟುಕೊಂಡಿದ್ದೇನೆ, ಸದ್ಯಕ್ಕೆ.

ಜೂನ್ 13

ದೊಡ್ಡವರನ್ನು ಕಂಡೆ. ವಿಭಾಗಾಧಿಕಾರಿ, ಷರಾ ಬರೆದವರು, ಜುಲೈ ಕೊನೆಗೆ ನಿವೃತ್ತರಾಗುವವರು. ಎರಡು ಗಂಟೆ ಬೆಂಚಿನ ಮೇಲೆ ಕಾಯಿಸಿದರು. ಎದುರು ಗೋಡೆಯಲ್ಲಿ ‘ಸಮಯಪ್ರಜ್ಞೆಯೇ ಸೇವೆ’ ಎಂಬ ಫಲಕ.

‘ಕೂತ್ಕೊಳಿ. ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲಮ್ಮ.’

‘ದ್ವೇಷ ಅಂತ ನಾನು ಹೇಳಿಲ್ಲ ಸರ್.’

‘ಹೇಳಿಲ್ಲ, ಮುಖದಲ್ಲಿ ಬರೆದುಕೊಂಡು ಬಂದಿದೀರ. ನೋಡಿ, ನಾನು ಕಂಪ್ಯೂಟರ್ ಕೊಟ್ಟ ಲೆಕ್ಕ ನೋಡಿ ಬರೆದಿದ್ದು. ಬೇರೆ ಠಾಣೆಗಳು ಆರು, ಏಳು ನಿಮಿಷ. ನಿಮ್ಮದು ಹನ್ನೊಂದು. ಒಂದು ದಿನ ಅಲ್ಲ, ವರ್ಷ ಪೂರ್ತಿ. ಏನ್ ಮಾಡ್ತಿರ್ತೀರಿ ಅಷ್ಟೊತ್ತು? ಪದ್ಯ ಓದ್ತೀರಾ?’

ಬಾಗಿಲಾಚೆ ಗುಮಾಸ್ತ ನಕ್ಕದ್ದು ಕೇಳಿಸಿತು. ಎದ್ದು ಬಂದೆ. ಸೆಲ್ಯೂಟ್ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಜೂನ್ 19, ಸಂಜೆ 5

ನಾಲ್ಕು ದಿನದಿಂದ ರಿಜಿಸ್ಟರ್ ಹರಡಿಕೊಂಡು ಕೂತಿದ್ದೇನೆ. ವರ್ಷದ ಇನ್ನೂರ ಹನ್ನೊಂದು ಕರೆ. ಕರೆ ಬಂದ ಸಮಯ, ತಲುಪಿದ ಸಮಯ. ಕಂಪ್ಯೂಟರ್ ಸುಳ್ಳು ಎಂದು ತೋರಿಸಲು ಹೊರಟೆ. ನನ್ನ ಕೈಲೆಕ್ಕವೂ ಹನ್ನೊಂದೇ ಹೇಳುತ್ತಿದೆ.

ಆಮೇಲೆ ಬೇಕರಿ ಕಣ್ಣಿಗೆ ಬಿತ್ತು. ನೂರ ನಲವತ್ತನೇ ಕರೆ. ಎದುರು ರಸ್ತೆಯ ಬೇಕರಿಯ ಒಲೆ ಹೊತ್ತಿಕೊಂಡದ್ದು. ಗಾಡಿ ತೆಗೆಯುವ ಮೊದಲೇ ನಾನು ಓಡಿ ದಾಟಿ ನಿಂತಿದ್ದೆ. ಹೆಚ್ಚೆಂದರೆ ಎರಡು ನಿಮಿಷ. ರಿಜಿಸ್ಟರಿನಲ್ಲಿ ಏಳು.

ಏಳು? ನಡೆಯಲು ಕಲಿಯುತ್ತಿರುವ ಮಗುವೂ ಅಷ್ಟು ಹೊತ್ತು ಮಾಡುವುದಿಲ್ಲ.

ತಲೆ ಎತ್ತಿ, ಕರೆ ಸ್ವೀಕರಿಸಿ ಬರೆದಿಡುವ ವಾಚ್ ರೂಮಿನ ಗೋಡೆ ನೋಡಿದೆ. ಗಡಿಯಾರ. ಐದು ನಿಮಿಷ ಮುಂದೆ.

ನಾನೇ ಇಡಿಸಿದ್ದು. ನಾಲ್ಕು ವರ್ಷದ ಹಿಂದೆ, ಇಲ್ಲಿಗೆ ಬಂದ ಮೊದಲ ವಾರ, ಕವಾಯತಿಗೆ ಎಲ್ಲರೂ ತಡ ಮಾಡುತ್ತಾರೆಂದು. ‘ಠಾಣೆ ಟೈಮು’ ಅನ್ನುತ್ತೇವೆ. ಎಲ್ಲರಿಗೂ ಗೊತ್ತು. ನೋಡುವಾಗಲೇ ಐದು ಕಳೆದು ಓದುವುದು ಕಣ್ಣಿಗೆ ರೂಢಿಯಾಗಿಬಿಟ್ಟಿದೆ.

ಮೊದಲೆಲ್ಲ ಕರೆ ನೇರ ಠಾಣೆಗೆ ಬರುತ್ತಿತ್ತು. ಬಂದದ್ದೂ ತಲುಪಿದ್ದೂ ಅದೇ ಗಡಿಯಾರ ನೋಡಿ ಬರೆಯುತ್ತಿದ್ದರಿಂದ ವ್ಯತ್ಯಾಸ ಬರುತ್ತಿರಲಿಲ್ಲ. ಹೋದ ವರ್ಷದಿಂದ ಕರೆ ಬರುವುದು ಕೇಂದ್ರ ನಿಯಂತ್ರಣ ಕೊಠಡಿಯಿಂದ. ಅವರ ಚೀಟಿಯಲ್ಲಿ ಸರಿಯಾದ ಸಮಯ ಅಚ್ಚಾಗಿರುತ್ತದೆ. ನಾವು ಸ್ಥಳ ತಲುಪಿ ವೈರ್‌ಲೆಸ್‌ನಲ್ಲಿ ಹೇಳಿದರೆ, ಇಲ್ಲಿ ಗೋಡೆ ನೋಡಿ ಬರೆಯುತ್ತಾರೆ; ಕಂಪ್ಯೂಟರಿಗೆ ಹೋಗುವುದೂ ಅದೇ. ಪ್ರತಿ ಕರೆಗೂ ಐದು ನಿಮಿಷ ಪುಕ್ಕಟೆ ಸೇರುತ್ತದೆ.

ಹದಿನೈದು ದಿನದಿಂದ ಒಂಬತ್ತು ಪುಟದ ತುಂಬ ಬೈದದ್ದು ಯಾರನ್ನು?

ಜೂನ್ 20

ವಾಚ್ ರೂಮಿನ ರಿಜಿಸ್ಟರಮ್ಮನನ್ನು ಕರೆದು ಕೂರಿಸಿ ಹೇಳಿದೆ. ಬರೆಯುವುದೆಲ್ಲ ಅವರೇ. ನನಗಿಂತ ಹತ್ತು ವರ್ಷ ದೊಡ್ಡವರು.

‘ಅಯ್ಯೋ ಮೇಡಂ... ಚೀಟಿ ಟೈಮು ಅದರ ಪಾಡಿಗೆ ಅದು, ಗೋಡೆ ಟೈಮು ಇದರ ಪಾಡಿಗೆ ಇದು. ಎರಡನ್ನೂ ಜೊತೆಗಿಟ್ಟು ನೋಡ್ಬೇಕು ಅಂತ ಹೊಳೀಲೇ ಇಲ್ಲ ನನಗೆ.’

‘ನನಗೂ ಹೊಳೀಲಿಲ್ಲ. ದಿನಾ ಕೆಳಗೆ ಸಹಿ ಹಾಕೋಳು ನಾನು.’

‘ನೀವು ಎಂ.ಎ. ಮಾಡ್ಕೊಂಡೋರು!’

ಅವರು ಬೇಕೆಂದು ಚುಚ್ಚಿದ್ದಲ್ಲ. ಆದರೂ ಚುಚ್ಚಿತು.

ಮುಳ್ಳು ಹಿಂದಕ್ಕೆ ತಿರುಗಿಸಿಯಾಯಿತು. ಚಾಲಕ ಬಂದು ‘ಏನ್ ಮೇಡಂ, ಗಡಿಯಾರ ಸ್ಲೋ ಆಗಿದೆ’ ಅಂತ ದೂರು ಹೇಳಿದ.

ಜೂನ್ 27

ಮತ್ತೆ ದೊಡ್ಡವರ ಕಚೇರಿ. ಈ ಸಲ ಕಾಯಿಸಲಿಲ್ಲ. ಬೇಕರಿಯ ಪುಟ ತೋರಿಸಿದೆ. ಓದಿ ಜೋರಾಗಿ ನಕ್ಕರು. ಕೆಟ್ಟ ನಗು ಅಲ್ಲ, ಹಗುರಾದವರ ನಗು.

‘ಇಷ್ಟೇನಾ! ಸುಲಭ ಆಯ್ತಲ್ಲ. ವಾಚ್ ರೂಮ್ ಸಿಬ್ಬಂದಿಯ ಅಜಾಗರೂಕತೆ ಅಂತ ಒಂದು ಸಾಲು ಬರ್ಕೊಡಿ. ಅವರಿಗೊಂದು ವಾರ್ನಿಂಗ್ ಕೊಡೋಣ. ನಿಮ್ಮ ಷರಾ ನಾನೇ ತೆಗೆಸ್ತೀನಿ. ಸಮಿತಿಗೆ ಕ್ಲೀನ್ ಫೈಲು ಹೋಗುತ್ತೆ.’

‘ಗಡಿಯಾರ ಮುಂದಿಡೋಕೆ ಹೇಳಿದ್ದು ನಾನು ಸರ್.’

‘ಬರವಣಿಗೇಲಿ ಇದೆಯಾ?’

‘ಇಲ್ಲ. ಬಾಯಲ್ಲಿ.’

‘ಮತ್ತೆ? ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ನೀವೇ ಹೇಳಿದ್ದು ಅಂತ ಬರೆದ್ರೆ, ನಾಲ್ಕು ವರ್ಷದ ರಿಜಿಸ್ಟರ್ ಸುಳ್ಳು ಅಂತ ನೀವೇ ಸಹಿ ಹಾಕಿದ ಹಾಗಾಗುತ್ತೆ. ವಿಚಾರಣೆ ಶುರುವಾಗುತ್ತೆ. ವಿಚಾರಣೆ ಬಾಕಿ ಇರೋರ ಹೆಸರನ್ನ ಸಮಿತಿ ಮುಟ್ಟೋದೇ ಇಲ್ಲ. ಯೋಚ್ನೆ ಮಾಡಿ. ಅದರಲ್ಲಿ ನೀವು ಎಕ್ಸ್‌ಪರ್ಟು.’

ಜೂನ್ 29

ದೊಡ್ಡವರ ಮಾತು ರಿಜಿಸ್ಟರಮ್ಮನ ಕಿವಿಗೆ ಬೀಳಬಾರದಿತ್ತು. ಗುಮಾಸ್ತ ಹೇಳಿದ್ದಾನೆ. ಬೆಳಿಗ್ಗೆ ಅವರೇ ಬಂದರು.

‘ನನ್ನ ಹೆಸರೇ ಹಾಕಿ ಮೇಡಂ. ರಿಟೈರಾಗೋಕೆ ಇನ್ನೊಂದು ವರ್ಷ ಇದೆ ನನಗೆ. ನನ್ನ ತಲೆ ಮೇಲೇನು ಕಿರೀಟ ಇದೆಯಾ, ಬಿದ್ದುಹೋಗೋಕೆ?’

‘ಹೋಗಿ, ನಿಮ್ಮ ಕೆಲಸ ನೋಡಿ.’

ಬಾಗಿಲ ತನಕ ಹೋಗಿ ತಿರುಗಿದರು. ‘ಮೂವತ್ತೊಂದು ವರ್ಷ ಆಯ್ತು. ಒಂದು ಷರಾ ಬಿದ್ದಿಲ್ಲ ನನ್ನ ಮೇಲೆ. ಅದನ್ನೇನು ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ತೀನಾ... ಬಿಡಿ. ಹಾಕಿ.’

ಹಾಕಿ ಅನ್ನುವವರು ಬಾಗಿಲ ತನಕ ಹೋಗಿ ಯಾಕೆ ತಿರುಗಿದರು?

ಜುಲೈ 2, ಸಂಜೆ

ಬರೆದು ನೋಡಿದೆ. ಒಪ್ಪಿಕೊಳ್ಳುತ್ತೇನೆ, ಬರೆದೆ. ‘ವಾಚ್ ರೂಮ್ ಸಿಬ್ಬಂದಿಯ ಅಜಾಗರೂಕತೆಯಿಂದ.’ ಆರಾಮವಾಗಿ ಬಂತು ಸಾಲು. ಪೆನ್ನು ತಡವರಿಸಲೂ ಇಲ್ಲ. ವಿಭಾಗಾಧಿಕಾರಿಯ ಕೋಣೆ, ಭುಜದ ಮೇಲೆ ಇನ್ನೊಂದು ನಕ್ಷತ್ರ, ಎಲ್ಲ ಆ ಸಾಲಿನ ಆಚೆ ಕಾಣುತ್ತಿತ್ತು.

ಇನ್ನೊಮ್ಮೆ ಓದಿದೆ. ಒಂದು ತಿಂಗಳಿಂದ ಇಂಥದ್ದೇ ಸಾಲನ್ನು ಹಲ್ಲುನೋವಿನ ಹಾಗೆ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಅಡುಗೆ ಮಾಡುವಾಗ, ಸ್ನಾನ ಮಾಡುವಾಗ, ಇವರು ಮಾತಾಡುವಾಗ. ಅದು ಇನ್ನೊಬ್ಬರ ಮನೆಗೆ ಹೋಗಿ ಹೇಗೆ ಕೂರುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಹರಿದೆ. ಮನವಿಯಲ್ಲಿ ಉಳಿದಿದ್ದ ಎಂಟು ಪುಟವನ್ನೂ ಹರಿದೆ. ಹೊಸ ಹಾಳೆಯಲ್ಲಿ ಎರಡು ವಾಕ್ಯ: ‘ಗಡಿಯಾರವನ್ನು ಐದು ನಿಮಿಷ ಮುಂದಿಡಲು ಮೌಖಿಕವಾಗಿ ಆದೇಶಿಸಿದವಳು ನಾನೇ. ವಿಳಂಬವಾಗಿಲ್ಲ, ದಾಖಲೆ ತಪ್ಪಾಗಿದೆ, ಆ ತಪ್ಪು ನನ್ನದು.’

ದೊಡ್ಡ ಮನಸ್ಸೆಂದೇನೂ ಅನ್ನಿಸುತ್ತಿಲ್ಲ. ಮೈಯೆಲ್ಲ ಉರಿಯುತ್ತಿದೆ.

ಜುಲೈ 3

ಕೊಟ್ಟು ಬಂದೆ. ಗುಮಾಸ್ತ ಸೀಲು ಹೊಡೆಯುವ ಮೊದಲು ಎರಡು ಸಲ ಓದಿದ. ‘ಇಷ್ಟೇನಾ ಮೇಡಂ?’ ಅಂದ. ಇಷ್ಟೇ.

ಆಗಸ್ಟ್ 8

ಮಧ್ಯಾಹ್ನ ಎರಡು ಕಾಗದ ಒಟ್ಟಿಗೇ ಬಂದವು.

ಒಂದು — ಮನವಿ ಭಾಗಶಃ ಪುರಸ್ಕೃತ. ವಿಳಂಬದ ವಾಕ್ಯ ಕೈಬಿಡಲಾಗಿದೆ. ‘ಚುರುಕು ಸಾಲದು’ ಉಳಿಸಿಕೊಳ್ಳಲಾಗಿದೆ. ವಿಳಂಬವೇ ಇಲ್ಲದ ಮೇಲೆ ಚುರುಕು ಹೇಗೆ ಸಾಲದಾಯಿತು ಸ್ವಾಮಿ?

ಇನ್ನೊಂದು — ತಪ್ಪು ದಾಖಲೆಗೆ ಆದೇಶಿಸಿದ ಬಗ್ಗೆ ವಿಚಾರಣೆ. ವಿವರಣೆ ಕೊಡಲು ಹದಿನೈದು ದಿನ.

ನಾಲ್ಕು ಗಂಟೆಗೆ ಪಟ್ಟಿ ಹೊರಬಿತ್ತು. ಹುರಿಯಾಳು.

ಮನೆಯಲ್ಲಿ ಇವರು ನನ್ನ ನಾಳೆಯ ಯೂನಿಫಾರಂ ಇಸ್ತ್ರಿ ಮಾಡಿಟ್ಟರು. ತೋಳಿನಲ್ಲಿ ಎರಡೆರಡು ಗೆರೆ ಬಿದ್ದಿವೆ. ಹಾಗೇ ಹಾಕಿಕೊಳ್ಳುತ್ತೇನೆ.

ಮಗಳು ಪಕ್ಕದಲ್ಲಿ ಬಂದು ಕೂತಳು.

‘ಅವರು ಹೇಳಿದ ಹಾಗೆ ಬರೆದಿದ್ರೆ ಸಿಗ್ತಿತ್ತಾ?’

‘ಸಿಗ್ತಿತ್ತು.’

‘ಬೇಜಾರಾ?’

‘ತುಂಬಾ.’

‘ಮತ್ತೆ ಸರಿ ಮಾಡಿದೆ ಅಂತ ಅನ್ಸಲ್ವಾ?’

‘ಅನ್ಸುತ್ತೆ. ಅದರಿಂದ ಬೇಜಾರು ಒಂದು ಚೂರೂ ಕಮ್ಮಿ ಆಗ್ತಿಲ್ಲ ಕಣೇ.’

ಆಗಸ್ಟ್ 21, ಬೆಳಿಗ್ಗೆ 11

ಹೊಸ ವಿಭಾಗಾಧಿಕಾರಿಯ ಮೊದಲ ತಪಾಸಣೆ. ಗಾಡಿಯಿಂದ ಇಳಿದ ಹುರಿಯಾಳು ಎಡವಿದ. ಹೊಸ ಬೂಟು.

ನನ್ನ ಕೋಣೆಗೆ ಬಂದು ನನ್ನ ಕುರ್ಚಿಯಲ್ಲಿ ಕೂರದೆ ಎದುರಿನದರಲ್ಲಿ ಕೂತ. ನಾನು ನಿಂತೇ ಇದ್ದೆ.

‘ಕೂತ್ಕೊಳಿ ಮೇಡಂ.’

‘ಪರವಾಗಿಲ್ಲ ಸರ್.’

ಮುಖ ಸಪ್ಪಗಾಯಿತು. ಹತ್ತೊಂಬತ್ತು ವರ್ಷ ‘ಲೋ’ ಅನ್ನಿಸಿಕೊಂಡವನು.

‘ಮೇಡಂ, ಹಾಗೆ ಕರೀಬೇಡಿ. ನಾನು ಕೇಳಿ ತಗೊಂಡಿದ್ದಲ್ಲ ಇದು.’

‘ಗೊತ್ತು.’

‘ಬೈದ್ಬಿಡಿ ಬೇಕಾದ್ರೆ. ಮೊದಲಿನ ಹಾಗೆ.’

‘ಯೂನಿಫಾರಂನಲ್ಲಿದೀವಿ ಸರ್. ರಿಜಿಸ್ಟರ್ ನೋಡ್ತೀರಾ?’

ನೋಡಿದ. ಪುಟ ತಿರುಗಿಸುತ್ತಾ ತಲೆ ಎತ್ತದೆ ಹೇಳಿದ: ‘ಇನ್ಮೇಲೆ ನಿಮ್ಮ ವರದಿ ನಾನೇ ಬರೀಬೇಕಂತೆ. ಏನ್ ಬರೀಲಿ ಅಂತ ನೀವೇ ಹೇಳ್ಕೊಡಿ.’

‘ಕಂಡಿದ್ದನ್ನ ಬರೀರಿ.’

ಹೊರಡುವಾಗ ಸಿಬ್ಬಂದಿಯೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ನಾನು. ಸೆಲ್ಯೂಟ್ ಹೊಡೆದೆ. ಕೈ ಸರಿಯಾಗೇ ಹೋಯಿತು. ಅವನು ಉತ್ತರ ಕೊಡಲು ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿ, ಎಲ್ಲರೆದುರು, ನನ್ನ ಕಡೆ ಒಂದು ಹೆಜ್ಜೆ ಇಟ್ಟು, ಕೆಸರಿನಿಂದ ಎಬ್ಬಿಸಿದ ಆ ದಿನದ ಹುಡುಗನ ಹಾಗೆ ನೆಟ್ಟಗೆ ನಿಂತು ನನಗೆ ಸೆಲ್ಯೂಟ್ ಹೊಡೆದ.