ಹಳೆಯ ಅಂಗಿಯ ಅಳತೆ

ಅಪ್ಪಾ,

ಎರಡು ವರ್ಷದ ಮೇಲೆ ಇವತ್ತು ನಮ್ಮ ಹೊಲಿಗೆ ಅಂಗಡಿಯಲ್ಲಿ ಟೇಪು ಹಿಡಿದು ಅಳತೆ ತೆಗೆದುಕೊಂಡೆ. ನಿಮ್ಮ ಹಳೆಯ ಗಿರಾಕಿ ಮೇಷ್ಟ್ರು ಬಂದಿದ್ದರು. ಭುಜಕ್ಕೆ ಟೇಪಿಟ್ಟೊಡನೆ ಅವರ ಕಣ್ಣು ತುಂಬಿತು. “ಏನಿಲ್ಲಮ್ಮ, ಯಾರಾದ್ರೂ ಮುಟ್ಟಿ ಬಹಳ ದಿನ ಆಯ್ತು,” ಎಂದರು.

ಸೋಂಕಿನ ಕಾಲಕ್ಕೆ ಯಾರನ್ನೂ ಮುಟ್ಟದೆ, ಹಳೆಯ ಬಟ್ಟೆಯ ಅಳತೆಗೇ ಹೊಲಿಯುವ ನಿಯಮ ಮಾಡಿದವಳು ನಾನು. ಮಹಡಿಯ ಕೋಣೆಯಲ್ಲಿದ್ದ ನಿಮಗೆ ಊಟದ ತಟ್ಟೆಯನ್ನೂ ಬಾಗಿಲಲ್ಲಿಟ್ಟು ಇಳಿದುಬರುತ್ತಿದ್ದೆ. ನಿಮಗೊಂದು ಅಂಗಿ ಹೊಲಿಯಲು ಹೊರಟಾಗ, “ಹಳೇದು ನೋಡಿ ಯಾರು ಬೇಕಾದ್ರೂ ಹೊಲೀತಾರೆ ಕಣೇ. ಬಾ, ಟೇಪು ಹಿಡಿ,” ಅಂದಿರಿ.

“ಇದೆಲ್ಲ ಮುಗೀಲಿ ಅಪ್ಪ,” ಅಂದೆ.

ರೋಗ ನಿಮ್ಮ ಹತ್ತಿರ ಸುಳಿಯಲೇ ಇಲ್ಲ. ಆದರೂ ಒಂದು ಬೆಳಿಗ್ಗೆ ನೀವು ಏಳಲಿಲ್ಲ. ಹೊಲಿದಿಟ್ಟಿದ್ದ ಹೊಸ ಅಂಗಿಯನ್ನು ನಾನೇ ತೊಡಿಸಿದೆ. ಹಳೆಯದರ ಅಳತೆಗೆ ಒಂದೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ನೀವು ತೊಟ್ಟ ಮೇಲೂ ಅದರೊಳಗೆ ಇನ್ನೊಬ್ಬರಿಗೆ ಜಾಗವಿತ್ತು.