ಮಳೆ ಬಾರದ ಊರಿನ ಮಳೆಗಾಲ

ಹೊಸಕೋಡಿ, ದಕ್ಷಿಣ ಹಿಮಸಾಗರ
ಉದ್ದಹಗಲಿನ ಏಳನೆಯ ವಾರ, ಕ್ರಿ.ಶ. ೨೨೪೧

ಇನ್ನೂರು ವರ್ಷ ಹಿಂದಿರುವ ನನ್ನ ಹಿರಿಯರಿಗೆ, ಅಂಬುಜಾ ಮರಕಾಲಳ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ನೀವು ನಗಬಹುದು. ಇಲ್ಲಿ ಸೂರ್ಯ ಮುಳುಗದ ತಿಂಗಳುಗಳಿಗೆ ಉದ್ದಹಗಲು ಎನ್ನುತ್ತೇವೆ, ಹುಟ್ಟದ ತಿಂಗಳುಗಳಿಗೆ ಉದ್ದಕತ್ತಲು. ಪತ್ರದಲ್ಲಿ ಇಂಥ ಇನ್ನೂ ಕೆಲವು ಮಾತುಗಳು ಬರುತ್ತವೆ, ಕ್ಷಮಿಸಿ. ನಾವು ಕಟ್ಟಿಕೊಂಡ ಪದಗಳಿಗಿಂತ ಕಳೆದುಕೊಂಡವೇ ಹೆಚ್ಚು. ಕೆಸರು, ಜೀರುಂಡೆ, ಗದ್ದೆಯಂಚಿನ ತೋಡು ಇವನ್ನೆಲ್ಲ ನಮ್ಮ ಮಕ್ಕಳು ಹಾಡಿನಲ್ಲಿ ಕೇಳಿದ್ದಾರೆಯೇ ಹೊರತು ಕಂಡಿಲ್ಲ. ಭಾಷೆ ಮಾತ್ರ ಕುಂದಾಪುರದ ಕಡಲಂಚಿನಿಂದ ನಮ್ಮ ಅಜ್ಜಂದಿರ ಅಜ್ಜಂದಿರು ತಂದದ್ದೇ. ಹಿಮಕ್ಕೆ ಬಿದ್ದು ಅದು ಕೊಂಚ ಗಟ್ಟಿಯಾಗಿರಬಹುದು.

ಹೊಸಕೋಡಿ ತೇಲುವ ಊರು. ಮನೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಹಿಮದ ಅಂಚಿಗೆ ಲಂಗರು ಬಿಟ್ಟಿದ್ದೇವೆ. ಹಿಮ ಸರಿದರೆ ಊರೂ ಸರಿಯುತ್ತದೆ. ನೆರೆಮನೆಯವರ ಮೇಲೆ ಸಿಟ್ಟು ಬಂದರೆ ಕೊಂಡಿ ಕಳಚಿ ಊರಿನ ಇನ್ನೊಂದು ತುದಿಗೆ ಹೋಗಿ ಸೇರಿಕೊಳ್ಳುವುದೂ ಉಂಟು. ನನ್ನ ಚಿಕ್ಕಮ್ಮ ಎರಡು ಸಲ ಹೋಗಿದ್ದಾಳೆ. ಗಾಜಿನ ಮನೆಗಳಲ್ಲಿ ಭತ್ತ, ಮೆಣಸು, ಕೊತ್ತಂಬರಿ ಬೆಳೆಯುತ್ತೇವೆ. ತೆಂಗಿನಕಾಯಿ ಹಡಗಿನಲ್ಲಿ ಬರಬೇಕು. ಆದ್ದರಿಂದ ಗಶಿಗೆ, ಎಂದರೆ ಮೀನುಸಾರಿಗೆ, ಕಾಯಿ ಅರೆಯುವ ದಿನ ಮನೆಯಲ್ಲಿ ಹಬ್ಬ. ಇಂಥ ಊರು ಇಲ್ಲಿ ಐದಿವೆ. ಐದೂ ಬದುಕಿದ್ದು ಒಂದೇ ಮೀನಿನಿಂದ.

ಅದನ್ನು ನಾವು ಹಲ್ಲುಮೀನು ಎನ್ನುತ್ತೇವೆ. ಆಳುದ್ದ ಬೆಳೆಯುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಅದರ ರಕ್ತ ಹೆಪ್ಪುಗಟ್ಟುವುದಿಲ್ಲ. ಐವತ್ತು ವರ್ಷ ಬದುಕಬಲ್ಲದು. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ನಮ್ಮ ಹೆಣ್ಣುಮಕ್ಕಳಷ್ಟೇ ಸಮಯ ತೆಗೆದುಕೊಳ್ಳುತ್ತದೆ. ಸಾವಿರ ಗಾಳ ಕಟ್ಟಿದ ಹಗ್ಗವನ್ನು ಆಳಕ್ಕೆ ಇಳಿಸಿ ಅದನ್ನು ಹಿಡಿಯುತ್ತಾರೆ. ಹಿಡಿದ ಮೀನು ಬಡಗಣ ಪಟ್ಟಣಗಳಿಗೆ ಹೋಗಿ ಅಕ್ಕಿ, ಎಣ್ಣೆ, ಔಷಧಿಯಾಗಿ ಮರಳುತ್ತಿತ್ತು.

ನಾನು ಊರಿನ ಮೀನುಶಾಲೆಯವಳು. ಮೀನು ಎಷ್ಟಿವೆ, ಎಷ್ಟು ಹಿಡಿಯಬಹುದು ಎಂದು ಹೇಳುವುದು ಅಲ್ಲಿಯ ಕೆಲಸ. ಮೀನಿನ ಕಿವಿಯೊಳಗೆ ಒಂದು ಹರಳಿರುತ್ತದೆ. ಅದನ್ನು ತೆಳ್ಳಗೆ ಸೀಳಿ ಬೆಳಕಿಗೆ ಹಿಡಿದರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುತ್ತವೆ. ಮರದೊಳಗೂ ಹಾಗೆಯೇ ಇರುತ್ತದಂತೆ. ನಾನು ಮರ ಕಂಡಿಲ್ಲ. ನನಗೆ ಮೂವತ್ತು ತುಂಬಿದ ವರ್ಷ ದೋಣಿಗಳು ತುಂಬಿ ಬರುತ್ತಿದ್ದವು. ಊರೆಲ್ಲ ನಗುತ್ತಿತ್ತು. ನಾನು ಹರಳುಗಳನ್ನು ನೋಡುತ್ತಾ ಹೋದಂತೆ ನನ್ನ ನಗು ನಿಂತಿತು. ಬಂದ ಮೀನುಗಳಲ್ಲಿ ನನಗಿಂತ ಚಿಕ್ಕ ಪ್ರಾಯದ್ದು ಒಂದೂ ಇರಲಿಲ್ಲ.

ಇದು ಎಂದಿನ ಸಂಗತಿಯೇ ಇರಬಹುದೆಂದು ಮೊದಲು ಸಮಾಧಾನ ಮಾಡಿಕೊಂಡೆ. ಮೀನುಶಾಲೆಯ ಕಪಾಟಿನಲ್ಲಿ ನಿಮ್ಮ ಕಾಲದವರು ಇದೇ ಸಾಗರದಲ್ಲಿ ಸಂಗ್ರಹಿಸಿದ ಹರಳುಗಳು ಸೀಸೆಗಳಲ್ಲಿದ್ದವು. ಅವನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ನಿಮ್ಮ ಕಾಲದ ಮೀನುಗಳಲ್ಲಿ ಎಲ್ಲ ಪ್ರಾಯದವೂ ಇದ್ದವು. ಮರಿ, ಹರೆಯ, ಮುದಿ, ಒಂದು ಕೂಡುಕುಟುಂಬದ ಹಾಗೆ. ನಮ್ಮ ಕಡಲಿನಲ್ಲಿ ಉಳಿದದ್ದು ಅಜ್ಜ ಅಜ್ಜಿಯರು ಮಾತ್ರ.

ಕಾರಣವನ್ನು ಹುಡುಕಿದೆವು. ಹಲ್ಲುಮೀನಿನ ಮೊಟ್ಟೆ ತೇಲಿ ಮೇಲೆ ಬಂದು ಹಿಮದ ಅಡಿಯ ಸಂದುಗಳಲ್ಲಿ ಅಡಗುತ್ತದೆ. ಮರಿಗೆ ಅದೇ ತೊಟ್ಟಿಲು. ಸಾಗರ ಬೆಚ್ಚಗಾಗಿ ಹಿಮ ತೆಳುವಾದ ಮೇಲೆ ತೊಟ್ಟಿಲೇ ಇಲ್ಲ. ಯಾವಾಗಲಾದರೊಮ್ಮೆ ಹಿಮ ದಪ್ಪಗೆ ಕಟ್ಟುವ ಚಳಿಗಾಲ ಬಂದರೆ ಮರಿಗಳು ಉಳಿದಾವು. ಆದರೆ ಆ ಚಳಿಗಾಲ ಬರುವ ಹೊತ್ತಿಗೆ ಮೊಟ್ಟೆಯಿಡಲು ತಾಯಂದಿರು ಬದುಕಿರಬೇಕಲ್ಲ? ಅವರನ್ನೇ ನಾವು ದಿನವೂ ದೋಣಿಗೆ ಎಳೆಯುತ್ತಿದ್ದೆವು.

ಇದನ್ನು ಮೊದಲು ಹೇಳಿದ್ದು ನನ್ನ ಸೋದರತ್ತೆ ಕುಸುಮತ್ತೆಗೆ. ಅವಳು ಊರಿನ ಹಿರಿಯ ತಾಂಡೇಲಳು, ಎಂದರೆ ದೋಣಿ ನಡೆಸುವವಳು. ಐದೂ ಊರಿನ ತಾಂಡೇಲರು ಅವಳ ಮಾತಿಗೆ ಕಿವಿಗೊಡುತ್ತಿದ್ದರು. ಹೊಸ ಗಾಳಗಳನ್ನು ಹಗ್ಗಕ್ಕೆ ಕಟ್ಟುತ್ತಾ ಕುಳಿತಿದ್ದವಳು ತಲೆಯೆತ್ತಲಿಲ್ಲ.

"ಹೆಣ್ಣೆ, ದೋಣಿ ತುಂಬಿ ಬತ್ತಾ ಇತ್ತ್. ಈಗ ಮೀನ್ ಇಲ್ಲೆ ಅಂದ್ರೆ ಯಾರ್ ನಂಬ್ತ್ರ್?"

"ಮೀನ್ ಇತ್ತ್ ಅತ್ತೆ. ಮರಿ ಇಲ್ಲೆ."

ಅವಳ ಕೈ ನಿಂತಿತು. "ಗಾಳ ಇಳ್ಸೂದ್ ಎಷ್ಟ್ ವರ್ಷ ನಿಲ್ಸ್ಕ್?"

"ಗೊತ್ತಿಲ್ಲೆ."

"ಅಂದಾಜಿಗಾರೂ ಹೇಳ್."

"ಗೊತ್ತಿಲ್ಲೆ ಅತ್ತೆ. ಹಿಮ ಗಟ್ಟಿ ಕಟ್ಟೋ ಚಳಿಗಾಲ ಒಂದ್ ಬರ್ಕ್. ಐದ್ ವರ್ಷಕ್ ಬಂದ್ರೂ ಬಂತ್, ಇಪ್ಪತ್ ಆದ್ರೂ ಆಯ್ತ್."

ಅವಳು ಹಗ್ಗವನ್ನು ಬದಿಗಿಟ್ಟಳು. ಆಮೇಲೆ ಮೀನುಶಾಲೆಗೆ ಬಂದು ಹಳೆಯ ಹರಳು, ಹೊಸ ಹರಳು ಎರಡನ್ನೂ ತಾನೇ ಬೆಳಕಿಗೆ ಹಿಡಿದು ನೋಡಿದಳು.

ಐದೂರಿನ ಸಭೆಯಲ್ಲೂ ಎಷ್ಟು ವರ್ಷವೆಂದು ಗೊತ್ತಿಲ್ಲ ಎಂದೇ ನಾನು ಮಾತು ಮುಗಿಸಿದಾಗ ಗದ್ದಲವೆದ್ದಿತು. ನಮ್ಮೂರಿನ ತೆಂಕಣ ಕೊಂಡಿಯ ಮನೆಗಳ ತಾಂಡೇಲ ಮಂಜಯ್ಯ ಎದ್ದು ನಿಂತ. ಮೂರು ಮಕ್ಕಳ ತಂದೆ, ಕೆಟ್ಟವನಲ್ಲ. "ಗೊತ್ತಿಲ್ಲೆ ಅಂಬವ್ರ್ ಮಾತ್ ಕೇಂಡ್ಕಂಡ್ ನಾವ್ ಹೊಟ್ಟಿಗೆ ತಣ್ಣೀರ್ ಬಟ್ಟಿ ಹಾಯ್ಕಂಬ್ದಾ?" ಎಂದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಕುಸುಮತ್ತೆ ಕುಳಿತಲ್ಲಿಂದಲೇ ಮಾತಾಡಿದಳು. "ಹ್ವಾಯ್ ಮಂಜಯ್ಯ, ಗೊತ್ತಿದ್ದಂಗೆ ನಟನೆ ಮಾಡೂಕೆ ಅವ್ಳಿಗೆ ಎಷ್ಟ್ ಹೊತ್ತ್ ಬೇಕಿತ್ತ್? ಗೊತ್ತಿಲ್ದಿದ್ದನ್ನ ಗೊತ್ತಿಲ್ಲೆ ಅಂದ್ಳಲೆ, ಅದ್ಕೇ ನಾನ್ ಉಳ್ದದ್ದನ್ನೂ ನಂಬ್ತೆ. ನಮ್ಮ ಹಿರಿಯರ್ ಮಳ್ಗಾಲ ಬಂದ್ರೆ ದೋಣಿ ದಡಕ್ ಎಳೀತಿದ್ರ್ ಅಂಬ್ರ್. ಕಡ್ಲಗೆ ಮೀನ್ ಇಲ್ಲೆ ಅಂತಲ್ಲ. ಮೊಟ್ಟಿ ಇಡೂಕೆ ಬಿಡ್ಕ್ ಅಂತ. ಇದ್ ನಮ್ಮ ಮಳ್ಗಾಲ ಅಂದ್ಕಣಿ. ಒಂಚೂರ್ ಉದ್ದ, ಅಷ್ಟೇ. ನನ್ನ ದೋಣಿ ನಾಳಿಂದ ಹಿಮದ್ ಮೇಲೆ."

ಮರುದಿನ ಅವಳು ದೋಣಿಯನ್ನು ಹಿಮದ ಮೇಲೆಳೆಯುವಾಗ ಹಗ್ಗ ಹಿಡಿದವರು ಅವಳ ಮನೆಯವರಷ್ಟೇ. ಅದರ ಮರುದಿನ ಇನ್ನೊಂದು ದೋಣಿ ಮೇಲೆ ಬಂತು. ವಾರ ಕಳೆಯುವಷ್ಟರಲ್ಲಿ ಮಂಜಯ್ಯನೂ ಬಂದ. ಮುಖ ಊದಿಸಿಕೊಂಡೇ ಬಂದ, ಆದರೆ ಎಲ್ಲರಿಗಿಂತ ಗಟ್ಟಿಯಾಗಿ ಹಗ್ಗ ಎಳೆದ. ಅಂದಿನಿಂದ ನಮ್ಮಲ್ಲಿ ಮಳೆಗಾಲ ಎಂದರೆ ಗಾಳ ಇಳಿಸದ ಕಾಲ. ಇಲ್ಲಿ ಮಳೆ ಹನಿಯನ್ನು ಕಂಡವರು ಯಾರೂ ಇಲ್ಲ, ಆದರೂ ಹೆಸರು ನಿಂತಿತು.

ಆ ವರ್ಷಗಳು ಸುಲಭದವಲ್ಲ. ಕಡಲಪಾಚಿ ಬೆಳೆದೆವು, ಅದನ್ನೇ ಮಾರಿದೆವು, ಅದನ್ನೇ ತಿಂದೆವು. ಮನೆಗಳ ಕಾವು ಇಳಿಸಿ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಿದೆವು. ಎಷ್ಟೋ ಕುಟುಂಬಗಳು ಕೊಂಡಿ ಕಳಚಿ ಬಡಗಣಕ್ಕೆ ಹೋದವು. ಹೋದವರನ್ನು ನಾವು ಹಳಿಯಲಿಲ್ಲ. ಹೊರಗಿನ ಹಡಗುಗಳು ಕದ್ದು ಹಿಡಿಯಲು ಬಂದಾಗ ನಮ್ಮ ತಾಂಡೇಲರು ಕಾವಲು ನಿಂತರು. ಉಳಿದ ಕಾಲದಲ್ಲಿ ನನ್ನ ಜೊತೆ ದುಡಿದರು. ಹಿಮದ ದಪ್ಪ ಅಳೆದರು, ನೀರು ತುಂಬಿ ತಂದರು, ಬಲೆಯಲ್ಲಿ ಸಿಕ್ಕ ಮೀನಿಗೆ ಗುರುತಿನ ತುಂಡು ಕಟ್ಟಿ ಬಿಟ್ಟರು. ನೀರಿನಲ್ಲಿ ಯಾವ ಜೀವ ಸುಳಿದಿದೆ ಎಂದು ತಿಳಿಯುವ ವಿದ್ಯೆಗೆ ನಾವು ನೀರೋದು ಎನ್ನುತ್ತೇವೆ. ಮಂಜಯ್ಯ ಅದರಲ್ಲಿ ನನ್ನನ್ನೇ ಮೀರಿಸಿದ. ಒಂದೊಂದು ಚಳಿಗಾಲವೂ ತೆಳು ಹಿಮವನ್ನೇ ತಂದಾಗ ಜನ ನನ್ನ ಮುಖ ನೋಡುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು.

ಹನ್ನೊಂದನೆಯ ಉದ್ದಕತ್ತಲಲ್ಲಿ ಹಿಮ ಕಟ್ಟಿತು. ನಮ್ಮ ಅಳತೆಗೋಲು ಸಾಲದಷ್ಟು ಕಟ್ಟಿತು. ಮನೆಗಳ ಕೊಂಡಿಗಳು ಬಿಗಿದು ಕಿರುಗುಟ್ಟಿದವು, ಮಕ್ಕಳು ಹೆದರಿ ಅತ್ತರು, ದೊಡ್ಡವರು ಖುಷಿಗೆ ಅತ್ತರು. ಮುಂದಿನ ಉದ್ದಹಗಲಿನಲ್ಲಿ ಹಿಮಕ್ಕೆ ಕಿಂಡಿ ಕೊರೆದು ಸಣ್ಣ ಕಣ್ಣಿನ ಬುಟ್ಟಿಬಲೆ ಇಳಿಸಿದೆವು. ಎಳೆದದ್ದು ಮಂಜಯ್ಯ. ಬಲೆಯೊಳಗೆ ಬೆರಳುದ್ದದ, ಗಾಜಿನಂತೆ ಹೊಳೆಯುವ ಮರಿಗಳು. ನಾನು ಹಲವು ಸಲ ನೋಡಿ, ಇನ್ನಿಬ್ಬರಿಗೆ ತೋರಿಸಿ, ಆಮೇಲೆಯೇ "ಹಲ್ಲುಮೀನೇ" ಎಂದೆ. ಮಂಜಯ್ಯ ಊರಿನ ಕಡೆ ತಿರುಗಿ ಕೂಗಿ ಕರೆದ. ಜನ ಓಡಿ ಬಂದರು. ಪ್ರಾಯದಿಂದ ಬಾಗಿದ್ದ ಕುಸುಮತ್ತೆಯನ್ನು ಎತ್ತಿಕೊಂಡೇ ಬಂದರು. ಮರಿಯೊಂದನ್ನು ನೀರಿನ ಸಮೇತ ಅವಳ ಬೊಗಸೆಗೆ ಹಾಕಿದೆ.

"ಇಷ್ಟೇಯಾ?" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಮತ್ತೆ ಗದರಿದಳು: "ಬಿಡ್ ಅದ್ನ ನೀರಿಗೆ. ಅದ್ಕೆ ಕೆಲ್ಸ ಇತ್ತ್."

ಆ ಮರಿಗಳು ದೊಡ್ಡವಾಗಿ ಮೊಟ್ಟೆಯಿಡುವವರೆಗೆ ನಾವು ಗಾಳ ಮುಟ್ಟಲಿಲ್ಲ. ಕುಸುಮತ್ತೆ ಅಷ್ಟು ದಿನ ಇರಲಿಲ್ಲ. ಈ ವರ್ಷ ಐದೂರಿನ ಸಭೆ ಮಿತಿಯಿಟ್ಟು ಕಡಲು ತೆರೆದಿದೆ. ನಾನು ಬರೆಯುತ್ತಿರುವಾಗ ಕಿಟಕಿಯಾಚೆ ಮೊದಲ ದೋಣಿಗಳು ಹೊರಟಿವೆ. ಚುಕ್ಕಾಣಿ ಹಿಡಿದವರು ಮೀನುಗಾರರ ಮಕ್ಕಳಾಗಿಯೂ ಮೀನು ಹಿಡಿಯುವುದನ್ನು ಕಾಣದೆ ಬೆಳೆದವರು. ಮೀನು ಹಿಡಿದ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹಿಡಿಯಬಲ್ಲವರಾಗಿಯೂ ಕೈ ಕಟ್ಟಿ ಕಾದ ಜನ ನಮ್ಮವರು. ಇದನ್ನು ಬರೆಯುವಾಗ ನನ್ನ ಎದೆಯುಬ್ಬುತ್ತದೆ, ಮುಚ್ಚಿಡುವುದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮವರು ಯಾರೋ ಒಬ್ಬರು ಈಗ ಇದೇ ಸಾಗರದಲ್ಲಿ, ಚಳಿಗೆ ಮರಗಟ್ಟಿದ ಕೈಯಿಂದ ಮೀನಿನ ತಲೆ ಸೀಳಿ ಹರಳು ತೆಗೆಯುತ್ತಿರಬಹುದು. ಇಷ್ಟು ದೂರ ಬಂದು ಇದನ್ನು ಎಣಿಸಿ ಯಾರಿಗೇನು ಎಂದು ಮನೆಯವರು ಕೇಳಿರಬಹುದು. ಅವರಿಗೇ ಬೇಸರವಾಗಿ, ಈ ಸೀಸೆಯನ್ನು ತುಂಬದೆ ಬಿಟ್ಟರಾಯಿತು ಎನಿಸಿರಬಹುದು. ದಯವಿಟ್ಟು ತುಂಬಲು ಹೇಳಿ. ಯಾರಿಗಾಗಿ ಎಂದು ಕೇಳಿದರೆ, ನಮ್ಮ ಊರಿನ ಹೆಸರು ಹೇಳಿ.

ಇಂತು,
ಅಂಬುಜಾ ಮರಕಾಲ
ಹೊಸಕೋಡಿ ಮೀನುಶಾಲೆ